ಹೂಂ ಅಂದವಳು

ಸಾಹುಕಾರರು ಕುರ್ಚಿ ತೋರಿಸಿದಾಗಲೇ ನಾನು ಬಾಗಿಲಿಂದ ತಿರುಗಿ ಬರಬೇಕಿತ್ತು.

ಅವರ ಲಾಂಡ್ರಿಗೆ ನಾನು ಸೇರಿದಾಗ ಮಗಳಿನ್ನೂ ಹುಟ್ಟಿರಲಿಲ್ಲ. ಈಗ ಅವಳು ಐದನೇ ಕ್ಲಾಸು. ಅಷ್ಟು ವರ್ಷಗಳಲ್ಲಿ ಆ ಕಟ್ಟಡದೊಳಗೆ ನಾನು ಕೂತದ್ದು ಊಟದ ಹೊತ್ತಿಗೆ ನೆಲದ ಮೇಲೆ, ಹೊಟ್ಟೆನೋವು ತಡೆಯಲಾಗದ ದಿನಗಳಲ್ಲಿ ಕೊಳೆ ಬಟ್ಟೆಯ ಗುಡ್ಡೆಯ ಮೇಲೆ. ನಿಂತು ನಿಂತು ಮೀನಖಂಡದ ನರಗಳು ಹಗ್ಗದಂತೆ ಎದ್ದಿವೆ. ಕುರ್ಚಿ ಕಂಡದ್ದೇ ಕಾಲುಗಳು ನನ್ನನ್ನು ಕೇಳದೆ ಕೂತುಬಿಟ್ಟವು.

"ಬನ್ನಿ ಅಮ್ಮ, ಆರಾಮಾಗಿ ಕೂತ್ಕೊಳ್ಳಿ," ಅಂದರು ಸಾಹುಕಾರರು.

ಬನ್ನಿ. ಕೂತ್ಕೊಳ್ಳಿ. ಅಮ್ಮ. ಅವತ್ತು ಬೆಳಗಿನವರೆಗೂ ನಾನು 'ಏಯ್' ಆಗಿದ್ದೆ. ಹೆಚ್ಚೆಂದರೆ 'ಏಯ್, ನೀನೇ'. ಚುನಾವಣೆ ಬಂದ ಮೇಲೆ ಊರಿನವರಿಗೆಲ್ಲ ಬಹುವಚನ ಸಿಕ್ಕಿತ್ತು. ನನಗೆ ಸ್ವಲ್ಪ ತಡವಾಗಿ ಸಿಕ್ಕಿತು, ಅಷ್ಟೆ.

ಸಾಹುಕಾರರು ಈ ಸಲ ಅಭ್ಯರ್ಥಿ. ಅವರ ಪಕ್ಷದ್ದು ಒಂದೇ ಘೋಷಣೆ: 'ಮನೆ ಮೊದಲು'. ಹೆಂಗಸರು ಕತ್ತಲಾಗುವುದರೊಳಗೆ ಮನೆ ಸೇರಬೇಕು. ಮದುವೆಯಾಗದೆ ಜೊತೆಗಿರುವವರಿಗೆ ಯಾರೂ ಬಾಡಿಗೆಗೆ ಮನೆ ಕೊಡಬಾರದು. ಗಂಡನನ್ನು ಬಿಟ್ಟು ಬಂದವಳಿಗೆ ಬುದ್ಧಿ ಹೇಳಿ ವಾಪಸು ಕಳಿಸಬೇಕು. ಪಕ್ಷದ ಕಾರ್ಯಕರ್ತರು ಬೀದಿ ಬೀದಿ ಅಲೆದು ಬಾಗಿಲುಗಳಿಗೆ ಅಂಗೈಯಗಲದ ಸ್ಟಿಕ್ಕರ್ ಅಂಟಿಸುತ್ತಿದ್ದರು: 'ಇದು ಸಂಸಾರವಂತರ ಮನೆ'. ನಮ್ಮ ಬಾಗಿಲಿಗೂ ಅಂಟಿಸಿ ಹೋಗಿದ್ದರು. ಸಾಹುಕಾರರ ಲಾಂಡ್ರಿಯಲ್ಲಿ ಹೆಂಗಸರಿಗೂ ರಾತ್ರಿ ಪಾಳಿ ಇದೆ. ಅದನ್ನು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಕೋಣೆಯಲ್ಲಿ ಇನ್ನಿಬ್ಬರಿದ್ದರು. ಒಬ್ಬ ನಮ್ಮ ಮೇಸ್ತ್ರಿ, ಬೆನ್ನನ್ನು ಗೋಡೆಗೆ ತಾಗಿಸದೆ ನಿಂತಿದ್ದ. ಇನ್ನೊಬ್ಬ ಪ್ರಚಾರ ನೋಡಿಕೊಳ್ಳಲು ರಾಜಧಾನಿಯಿಂದ ಬಂದವನು. ಅವನನ್ನು ಎಲ್ಲರೂ 'ಉಸ್ತುವಾರಿ' ಅನ್ನುತ್ತಿದ್ದರು. ಅವನ ಕಣ್ಣು ಫೋನಿನ ಮೇಲಿತ್ತು.

"ವಿಷಯ ಏನಂದ್ರೆ ಅಮ್ಮ," ಸಾಹುಕಾರರು ಮುಂದಕ್ಕೆ ಬಾಗಿದರು, "ಎದುರು ಪಕ್ಷದೋರು ನನ್ನ ಮೇಲೆ ಕೆಸರು ಎರಚ್ತಿದ್ದಾರೆ. ಮನೆ ಮೊದಲು ಅಂತೀರಲ್ಲ, ನಿಮ್ಮ ಲಾಂಡ್ರಿಲೇ ಗಂಡನ್ನ ಬಿಟ್ಟು ಇನ್ನೊಬ್ಬನ ಜೊತೆ ಇರೋಳು ಇದ್ದಾಳಲ್ಲ, ಅಂತ. ಅದೇ, ನಿಮ್ಮ ಜೊತೇಲೇ ಚಾದರ ಮಡಚ್ತಾಳಲ್ಲ, ಅವಳು."

"ಹೂಂ," ಅಂದೆ.

"ನೀವು ಸಂಸಾರಸ್ಥರು. ಗಂಡ, ಇಬ್ಬರು ಮಕ್ಕಳು. ನಿಮಗೆಷ್ಟು ಮುಜುಗರ ಆಗ್ತಿರ್ಬೇಕು! ಬಾಯಿಬಿಟ್ಟು ಹೇಳಿಲ್ಲ ಅಷ್ಟೆ."

"ಹೂಂ."

"ಅಂಥವಳ ಜೊತೆ ನಮಗೆ ಕೆಲಸ ಮಾಡೋಕಾಗಲ್ಲ ಅಂತ ನಿಮ್ಮಂಥ ತಾಯಂದಿರೇ ಬಂದು ಹೇಳಿದ್ಮೇಲೆ, ನಾನು ಕೈಕಟ್ಕೊಂಡು ಕೂತ್ಕೊಳ್ಳೋಕಾಗುತ್ತಾ?"

ಉಸ್ತುವಾರಿ ಮೊದಲ ಸಲ ಫೋನಿನಿಂದ ತಲೆಯೆತ್ತಿದ.

"ನೀವು ಬಂದು ಹೇಳಿದ್ರಿ. ಹೌದು ತಾನೆ?"

"ಹೂಂ," ಅಂದೆ.

ಅಷ್ಟೆ. ಅವರಿಗೆ ಅಷ್ಟು ಸಾಕಾಯಿತು.

ನಮ್ಮ ಲಾಂಡ್ರಿಯಲ್ಲಿ ಹೂಂ ಅನ್ನುವುದಕ್ಕೆ ಅರ್ಥವೇ ಇಲ್ಲ. ಒಂದು ಕಡೆ ತೊಳೆಯುವ ಯಂತ್ರಗಳು ಗುಡುಗುತ್ತವೆ, ಇನ್ನೊಂದು ಕಡೆ ಹಿಂಡುವ ಯಂತ್ರ ಕಿರುಚುತ್ತದೆ, ನಡುವೆ ಇಸ್ತ್ರಿಯ ರೋಲರು ಬುಸುಗುಟ್ಟುತ್ತ ಹಬೆ ಕಾರುತ್ತದೆ. ಅಲ್ಲಿ ದುಡಿದವರ ಕಿವಿ ಅರ್ಧ ಹೋಗಿರುತ್ತದೆ. ಮಾತಾಡುವವರ ತುಟಿ ನೋಡುತ್ತೇವೆ, ಹೂಂ ಅನ್ನುತ್ತೇವೆ. ಕೇಳಿದರೂ ಹೂಂ, ಕೇಳದಿದ್ದರೂ ಹೂಂ. ಏನು ಅಂತ ಮತ್ತೆ ಕೇಳಿದರೆ ಮೇಸ್ತ್ರಿಗೆ ಪಿತ್ತ ನೆತ್ತಿಗೇರುತ್ತದೆ. ಮನೆಗೆ ಹೋದರೂ ಆ ಚಟ ಬಿಡುವುದಿಲ್ಲ. ಮಗಳು ಬೇಕೆಂದೇ ನನ್ನನ್ನು ಪರೀಕ್ಷೆ ಮಾಡುತ್ತಾಳೆ.

"ಅಮ್ಮಾ, ಇವತ್ತು ಸ್ಕೂಲಿಗೆ ಕರಡಿ ಬಂದಿತ್ತು."

"ಹೂಂ."

"ಅದು ನಮ್ಮ ಲೆಕ್ಕದ ಮೇಷ್ಟ್ರನ್ನ ಮದುವೆ ಆಯ್ತು."

"ಹೂಂ."

ಮಕ್ಕಳಿಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.

ಆ ದಿನ ಕೋಣೆಯಿಂದ ಹೊರಗೆ ಬರುತ್ತ ನಾನು ನನಗೆ ಇದನ್ನೇ ಹೇಳಿಕೊಂಡೆ. ಅಭ್ಯಾಸಬಲ. ಬಾಯಿತಪ್ಪಿ ಬಂದದ್ದು. ಯಾರಾದರೂ ಕೇಳಿದರೆ ಹೀಗೇ ಹೇಳಬಹುದು ಅಂತಲೂ ಅಂದುಕೊಂಡೆ.

ಆದರೆ ಆ ಕೋಣೆಯಲ್ಲಿ ಯಂತ್ರಗಳಿರಲಿಲ್ಲ. ಗಾಜಿನ ಬಾಗಿಲು ಹಾಕಿತ್ತು. ಮೇಸ್ತ್ರಿ ಉಗುಳು ನುಂಗಿದ್ದೂ ನನಗೆ ಕೇಳಿಸಿತ್ತು.

ನನ್ನ ಜೊತೆ ಚಾದರ ಮಡಚುತ್ತಿದ್ದ ಅವಳನ್ನು ನಾವು ಸೀಟಿ ಅನ್ನುತ್ತಿದ್ದೆವು. ಎರಡು ಬೆರಳು ಬಾಯಿಗಿಟ್ಟು ಅವಳು ಸೀಟಿ ಹೊಡೆದರೆ ಎಲ್ಲ ಯಂತ್ರಗಳ ಸದ್ದನ್ನು ಸೀಳಿಕೊಂಡು ಬರುತ್ತಿತ್ತು. ಆ ಲಾಂಡ್ರಿಯಲ್ಲಿ ಕೇಳಿಸುತ್ತಿದ್ದ ಮನುಷ್ಯರ ದನಿ ಅದೊಂದೇ. ಗಂಡ ಅವಳ ಕೈ ಮುರಿದ ದಿನ ಮಗುವನ್ನು ಎತ್ತಿಕೊಂಡು ಮನೆ ಬಿಟ್ಟಳಂತೆ. ಈಗ ಒಬ್ಬ ಲಾರಿ ಡ್ರೈವರನ ಜೊತೆ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿದ್ದಳು. ಅವನು ತಿಂಗಳಲ್ಲಿ ಹದಿನೈದು ದಿನ ದಾರಿಯ ಮೇಲೇ ಇರುತ್ತಿದ್ದ. "ಮನೇಲಿಲ್ಲದ ಗಂಡಸೇ ಒಳ್ಳೇ ಗಂಡಸು ಕಣೇ," ಅನ್ನುತ್ತಿದ್ದಳು.

ದೊಡ್ಡ ಚಾದರವನ್ನು ಒಬ್ಬರಿಂದ ಮಡಚಲಾಗುವುದಿಲ್ಲ. ಆ ತುದಿ ಒಬ್ಬಳು, ಈ ತುದಿ ಒಬ್ಬಳು. ಎಳೆದು ಜಾಡಿಸಬೇಕು, ಮಡಿಕೆ ಸರಿಮಾಡಬೇಕು, ಒಬ್ಬರ ಹತ್ತಿರ ಒಬ್ಬರು ನಡೆದು ಬಂದು ಮೂಲೆಗೆ ಮೂಲೆ ಸೇರಿಸಬೇಕು, ಮತ್ತೆ ಹಿಂದಕ್ಕೆ. ದಿನವೆಲ್ಲ ಅವಳ ಮುಖ ನನ್ನ ಮುಖದ ಹತ್ತಿರ ಬರುತ್ತಿತ್ತು, ಹೋಗುತ್ತಿತ್ತು. ಹತ್ತಿರ ಬಂದಾಗಲೆಲ್ಲ ಒಂದು ತಮಾಷೆ ಬಿಟ್ಟು ಹೋಗುತ್ತಿದ್ದಳು. ಆಸ್ಪತ್ರೆಯ ಚಾದರದಲ್ಲಿ ರಕ್ತ, ಹೋಟೆಲಿನ ಚಾದರದಲ್ಲಿ ಏನೇನೋ. "ಮನೆ ಮೊದಲು ಅನ್ನೋರು ಹೋಟ್ಲಲ್ಲಿ ಮಲಗಿದ್ದನ್ನೂ ನಾವೇ ಕಣೇ ಒಗೆಯೋದು," ಅಂದಿದ್ದಳು ಒಮ್ಮೆ. ನಾನು ಬಿದ್ದು ಬಿದ್ದು ನಕ್ಕಿದ್ದೆ.

ನನ್ನ ಗಂಡನೂ ಅಲ್ಲಿ ರೋಲರ್ ನಡೆಸುತ್ತಿದ್ದವನೇ. ಕೈ ಒಳಗೆ ಹೋಗದಂತೆ ತಡೆಯುವ ಕಾಪು ಮುರಿದಿದ್ದ ರೋಲರದು. ಮೇಸ್ತ್ರಿಗೆ ಹೇಳಿ ಹೇಳಿ ಸಾಕಾಗಿತ್ತು. ಒಂದು ದಿನ ಚಾದರದ ಜೊತೆ ಅವನ ಬಲಗೈಯೂ ಒಳಗೆ ಹೋಯಿತು. ಅವನು ಕಿರುಚಿದ. ಪಕ್ಕದಲ್ಲೇ ಇದ್ದವರಿಗೂ ಕೇಳಿಸಲಿಲ್ಲ. ನನಗೆ ಕೇಳಿಸಲಿಲ್ಲ. ನೋಡಿದವಳು ಸೀಟಿ. ಅವಳು ಸೀಟಿ ಹೊಡೆಯುತ್ತಲೇ ಓಡಿ ಸ್ವಿಚ್ಚಿಗೆ ಗುದ್ದಿದಳು. ಮೊಣಕೈವರೆಗೆ ಹೋಗುತ್ತಿದ್ದದ್ದು ಮಣಿಕಟ್ಟಿಗೆ ನಿಂತಿತು. ಆಮೇಲೆ ಸಾಹುಕಾರರು ದೊಡ್ಡ ಮನಸ್ಸು ಮಾಡಿ ಅವನನ್ನು ಗೇಟು ಕಾಯಲು ಇಟ್ಟುಕೊಂಡರು. ದೊಡ್ಡ ಮನಸ್ಸು ಅನ್ನುವುದು ಅವರದೇ ಮಾತು.

ನಮ್ಮಿಬ್ಬರ ಕೆಲಸವೂ ಅವರ ಮುಷ್ಟಿಯಲ್ಲಿತ್ತು. ಕುರ್ಚಿಯಲ್ಲಿ ಕೂತಾಗ ಅದೂ ನನ್ನ ತಲೆಯಲ್ಲಿತ್ತು.

ಅವತ್ತು ಮಧ್ಯಾಹ್ನವೇ ಮೇಸ್ತ್ರಿ ಯಂತ್ರಗಳನ್ನು ಒಂದೊಂದಾಗಿ ನಿಲ್ಲಿಸಿದ. ಎಲ್ಲರೂ ಕೆಲಸ ಬಿಟ್ಟು ತಿರುಗಿ ನೋಡಿದರು. ಎಲ್ಲರಿಗೂ ಕೇಳಿಸಲಿ ಅಂತಲೇ ನಿಲ್ಲಿಸಿದ್ದು.

"ಸೀಟಿ, ನಾಳೆಯಿಂದ ನೀನು ಬರೋದು ಬೇಡ."

"ಯಾಕೆ? ಏನಾಯ್ತು ಈಗ?"

"ನಿನ್ನ ಜೊತೆ ಕೆಲಸ ಮಾಡೋಕೆ ಹೆಂಗಸ್ರು ಒಪ್ತಿಲ್ಲ."

ಅವಳು ನಗುತ್ತ ಸುತ್ತ ನೋಡಿದಳು. "ಯಾರ್ರೇ ಅದು? ನನ್ನ ಬೆವರು ಅಷ್ಟು ನಾರುತ್ತಾ?"

ಯಾರೂ ನಗಲಿಲ್ಲ. ಮೇಸ್ತ್ರಿ ಗದ್ದದಿಂದ ನನ್ನ ಕಡೆ ತೋರಿಸಿದ. "ಅವಳನ್ನೇ ಕೇಳು. ಸಾಹುಕಾರ್ರ ಮುಂದೆ ಹೇಳಿ ಬಂದಿದ್ದಾಳೆ."

ನಮ್ಮಿಬ್ಬರ ನಡುವೆ ಒಂದು ಚಾದರವಿತ್ತು. ಆ ತುದಿ ಅವಳ ಕೈಯಲ್ಲಿ, ಈ ತುದಿ ನನ್ನ ಕೈಯಲ್ಲಿ.

"ಹೌದೇನೇ?" ಅಂದಳು.

ಇಲ್ಲ ಅನ್ನಬಹುದಿತ್ತು. ಹಾಗಲ್ಲ ಕಣೇ, ಅವರೇ ಹೇಳಿಸಿದ್ದು ಅನ್ನಬಹುದಿತ್ತು. ನಾನು ಚಾದರದ ಅಂಚಿನ ಹೊಲಿಗೆ ನೋಡುತ್ತ ನಿಂತೆ. ಅವಳು ಇನ್ನೊಂದು ಸಲ ಕೇಳಲಿಲ್ಲ. ತನ್ನ ತುದಿಯನ್ನು ಕೈಬಿಟ್ಟಳು.

ನೆಲಕ್ಕೆ ಬಿದ್ದ ಚಾದರವನ್ನು ಮತ್ತೆ ಒಗೆಯಬೇಕು. ಅದು ಅಲ್ಲಿಯ ನಿಯಮ. ನಾನು ಬಗ್ಗಿ ಅದನ್ನು ಉಂಡೆ ಮಾಡಿ ಎತ್ತಿಕೊಂಡೆ. ಅವಳು ಹೊರಗೆ ಹೋಗುವುದನ್ನು ನೋಡದಿರಲು ನನಗೊಂದು ಕೆಲಸ ಸಿಕ್ಕಿತು.

ಮರುದಿನ ಮೇಸ್ತ್ರಿ ಗೋಡೆಗೆ ಎರಡು ಕೊಕ್ಕೆ ಹೊಡೆಸಿದ. "ಇನ್ನೊಂದು ತುದಿ ಇದಕ್ಕೆ ಸಿಕ್ಕಿಸ್ಕೊ. ಚುನಾವಣೆ ಮುಗೀಲಿ, ಯಾರನ್ನಾದ್ರೂ ಹಾಕೋಣ." ಕೊಕ್ಕೆ ಎಳೆಯುವುದಿಲ್ಲ, ಜಾಡಿಸುವುದಿಲ್ಲ. ಎರಡಾಳಿನ ಕೆಲಸ ನನ್ನ ಭುಜಕ್ಕೆ ಬಿತ್ತು. ಭುಜ ನೋಯುವಾಗ ಒಂದು ಬಗೆಯ ಸಮಾಧಾನವಾಗುತ್ತಿತ್ತು. ನೋಯಲಿ, ಇನ್ನಷ್ಟು ನೋಯಲಿ ಅನ್ನಿಸುತ್ತಿತ್ತು. ಆದರೆ ನನ್ನ ಭುಜ ನೊಂದರೆ ಅವಳಿಗೇನು ಬಂತು?

ಆ ವಾರವೇ ಉಸ್ತುವಾರಿ ಫೋಟೋ ತೆಗೆಯುವವನನ್ನು ಕರೆದುಕೊಂಡು ನಮ್ಮ ಮನೆಗೆ ಬಂದ. ಬಕೆಟ್ಟು, ಒಣಹಾಕಿದ ಬಟ್ಟೆ ಎಲ್ಲ ಒಳಗೆ ತಳ್ಳಿಸಿದ. ಮಕ್ಕಳಿಗೆ ತಲೆ ಬಾಚಿಸಿದ. ಬಾಗಿಲ ಸ್ಟಿಕ್ಕರ್ ಕಾಣುವ ಹಾಗೆ ನಮ್ಮನ್ನು ಹೊಸಿಲಲ್ಲಿ ನಿಲ್ಲಿಸಿದ. ಆಮೇಲೆ ನನ್ನ ಗಂಡನ ಬಲಗೈ ನೋಡಿದ. ಅದರಲ್ಲಿ ಬೆರಳುಗಳಿಲ್ಲ, ಬೆಂದು ಅಂಟಿಕೊಂಡ ಮಾಂಸವಿದೆ.

"ಆ ಕೈ ಹಿಂದೆ ಇಟ್ಕೊಳ್ಳಿ. ಫೋಟೋದಲ್ಲಿ ಚೆನ್ನಾಗಿ ಬರಲ್ಲ."

"ನಿಮ್ಮ ಸಾಹುಕಾರ್ರ ಮಷೀನೇ ಮಾಡಿದ್ದಲ್ವಾ ಸಾರ್," ನನ್ನ ಗಂಡ ನಕ್ಕ. "ಅವರ ಕೆಲಸ ಅವರ ಪೋಸ್ಟರಲ್ಲೇ ಬರ್ಲಿ ಬಿಡಿ."

ಉಸ್ತುವಾರಿ ನಗಲಿಲ್ಲ. ನನ್ನ ಗಂಡನೂ ನಗು ನಿಲ್ಲಿಸಿ ಕೈಯನ್ನು ಹಿಂದಕ್ಕೆ ತೆಗೆದುಕೊಂಡ.

ಪೋಸ್ಟರು ಬಸ್ ನಿಲ್ದಾಣಕ್ಕೆ ಬಂತು, ಮಾರುಕಟ್ಟೆಗೆ ಬಂತು, ಶಾಲೆಯ ಕಾಂಪೌಂಡಿಗೆ ಬಂತು. ನಮ್ಮ ನಾಲ್ವರ ಮುಖ. ಮೇಲೆ ದಪ್ಪಕ್ಷರದಲ್ಲಿ 'ಇದು ತಾಯಿಯ ಮಾತು: ಅಂಥವರ ಜೊತೆ ನಾವಿಲ್ಲ'. ಅಂಥವರು ಯಾರೆಂದು ಬರೆದಿರಲಿಲ್ಲ. ಬರೆಯುವುದು ಬೇಕಾಗಿರಲಿಲ್ಲ. ಬಸ್ಸಿಗೆ ಕಾಯುವಾಗ ನಾನು ನನ್ನ ಮುಖಕ್ಕೆ ಬೆನ್ನು ಹಾಕಿ ನಿಲ್ಲುತ್ತಿದ್ದೆ. ಅಪರಿಚಿತರು ನಮಸ್ಕಾರ ಹೇಳುತ್ತಿದ್ದರು. ಮುದುಕರೊಬ್ಬರು, "ನಿಮ್ಮಂಥ ಹೆಣ್ಮಕ್ಕಳಿಂದಲೇ ನಾಡು ಉಳಿದಿರೋದು," ಅಂದರು. ನಾನು ಹೂಂ ಅಂದೆ.

ಒಂದು ಸಂಜೆ ಮಗಳ ತಲೆ ಬಾಚುತ್ತಿದ್ದೆ. ಅವಳು ಏನೋ ಹೇಳುತ್ತಿದ್ದಳು. ನಾನು ಹೂಂ, ಹೂಂ ಅನ್ನುತ್ತಿದ್ದೆ. ಬಾಚಣಿಗೆ ಸಿಕ್ಕಿನಲ್ಲಿ ನಿಂತಾಗ ಒಂದು ಮಾತು ಕಿವಿಗೆ ಬಿತ್ತು.

"ಏನಂದೆ?"

"ಸೀಟಿ ಆಂಟಿ ಮಗಳ ಪಕ್ಕ ಯಾರೂ ಕೂತ್ಕೊಳ್ತಿಲ್ಲ ಅಂದೆ. ಒಂದು ಬೆಂಚು ಪೂರ್ತಿ ಅವಳಿಗೇ."

"ನೀನು?"

ಮಗಳು ತಿರುಗಿ ನನ್ನ ಮುಖ ನೋಡಿದಳು. ನಾನೇನೋ ಮೋಸದ ಪ್ರಶ್ನೆ ಕೇಳಿದೆ ಅನ್ನುವ ಹಾಗೆ.

"ಮೊದಲು ಎದ್ದು ಬಂದಿದ್ದೇ ನಾನು. ನೀನೇ ಹೇಳಿದ್ಯಲ್ಲ. ಗೋಡೆ ಮೇಲಿದೆಯಲ್ಲ."

ನನ್ನ ಕೈ ನಿಂತಿತು.

"ಅವರು ಮನೆನೂ ಬಿಡ್ಬೇಕಂತೆ," ಅಂದಳು. "ಓನರಮ್ಮ ನಿನ್ನ ಪೋಸ್ಟರ್ ತೋರಿಸಿ, ಜೊತೆ ಕೆಲಸದೋಳೇ ಹೀಗಂದ್ಮೇಲೆ ನಾನು ಹೇಗೆ ಇಟ್ಕೊಳ್ಳೋದು ಅಂದ್ರಂತೆ. ಓಟಿನ ದಿನದೊಳಗೆ ಖಾಲಿ ಮಾಡ್ಬೇಕಂತೆ. ಅಮ್ಮಾ, ನೋಯುತ್ತೆ, ಬಾಚಣಿಗೆ ತೆಗಿ."

ಗಂಡನಿಗೆ ಹೇಳಿದೆ. "ನಾನು ಸಾಯೋವರೆಗೂ ಅವಳ ಋಣ ತೀರ್ಸೋಕಾಗಲ್ಲ," ಅಂದ. ಆಮೇಲೆ, "ಆದ್ರೆ ಈಗ ಬಾಯಿಬಿಟ್ರೆ ನಾವೂ ಬೀದಿಗೆ. ಓಟು ಮುಗಿಯೋವರೆಗೂ ತಡ್ಕೊ," ಅಂದ.

ಓಟು ಮುಗಿಯುವುದರೊಳಗೆ ಅವಳ ಮನೆ ಹೋಗುತ್ತದೆ ಅನ್ನುವುದು ಇಬ್ಬರಿಗೂ ಗೊತ್ತಿತ್ತು.

ಕೊನೆಯ ದೊಡ್ಡ ಸಭೆ ಆಟದ ಮೈದಾನದಲ್ಲಿ. ನಮ್ಮನ್ನು ಕಾರಿನಲ್ಲಿ ಕರೆದೊಯ್ದರು. ನನಗೆ ಹೊಸ ಬಟ್ಟೆ. ನನ್ನ ಗಂಡನಿಗೆ ಅಳತೆ ಮೀರಿದ ಒಂದು ಕೋಟು; ತೋಳು ಉದ್ದ, ಕೈ ಒಳಗೇ ಉಳಿಯಲಿ ಅಂತ. ಮಕ್ಕಳನ್ನು ವೇದಿಕೆಯ ಕೆಳಗೆ ಮೊದಲ ಸಾಲಿನಲ್ಲಿ ಕೂರಿಸಿ ಕೈಗೆ ಬಾವುಟ ಕೊಟ್ಟರು.

"ಏನೂ ಕಷ್ಟ ಇಲ್ಲ," ಉಸ್ತುವಾರಿ ನನಗೆ ಮೆಟ್ಟಿಲ ಹತ್ತಿರ ಹೇಳಿಕೊಟ್ಟ. "ಸಾಹುಕಾರ್ರು ಕೇಳ್ತಾರೆ. ನೀವು ಬರೀ ಹೂಂ ಅನ್ನಿ. ನಿಮಗೆ ಅಭ್ಯಾಸ ಇದೆಯಲ್ಲ."

ಮೇಸ್ತ್ರಿ ಕಿಸಕ್ಕನೆ ನಕ್ಕ.

ಅವನು ಹಾಗೆ ನಗದಿದ್ದರೆ ಅಂದೂ ಹೂಂ ಅನ್ನುತ್ತಿದ್ದೆನೋ ಏನೋ. ಗೊತ್ತಿಲ್ಲ. ನನ್ನ ಒಳ್ಳೆಯತನದ ಮೇಲೆ ನನಗೆ ಈಗ ನಂಬಿಕೆಯಿಲ್ಲ.

ಸಾಹುಕಾರರು ಒಳ್ಳೆಯ ಮಾತುಗಾರರು. ಹಾಳಾಗುತ್ತಿರುವ ಮನೆಗಳ ಬಗ್ಗೆ ಹೇಳುವಾಗ ಅವರ ಗಂಟಲು ಕಟ್ಟಿತು. ಮೈದಾನದಲ್ಲಿ ಕೆಲವರು ಕಣ್ಣೊರೆಸಿಕೊಂಡರು. ಆಮೇಲೆ ಅವರ ದನಿ ಏರಿತು.

"ನಮ್ಮ ನಡುವೆಯೂ ಒಬ್ಬಳಿದ್ದಳು! ಗಂಡನಿಗೆ ದ್ರೋಹ ಮಾಡಿ ಬಂದವಳು! ನಾನು ಅವಳನ್ನ ಕಳಿಸ್ದೆ. ಆದ್ರೆ ಅದು ನನ್ನ ತೀರ್ಮಾನ ಅಲ್ಲ. ಈ ತಾಯಿ ಬಂದು ನನ್ನ ಮುಂದೆ ಕಣ್ಣೀರು ಹಾಕಿದ್ರು. ಸ್ವಾಮಿ, ನಾನು ಮಕ್ಕಳೊಂದಿಗಳು, ಅಂಥವಳ ನೆರಳು ನನ್ನ ಮೇಲೆ ಬೀಳೋದು ಬೇಡ ಅಂದ್ರು. ಹೌದಾ ಅಮ್ಮ?"

ಕಣ್ಣೀರು. ನೆರಳು. ಇವೆರಡೂ ಹೊಸವು. ನಾನು ಕೊಟ್ಟ ಒಂದು ಹೂಂ ಅವರ ಬಾಯಿಯಲ್ಲಿ ಇಷ್ಟು ಬೆಳೆದಿತ್ತು.

ಮೈಕು ನನ್ನ ತುಟಿಗೆ ಬಂತು. ಮೈದಾನ ಸುಮ್ಮನಾಯಿತು. ಕೆಳಗೆ ಮಗಳು ಕಾಣುತ್ತಿದ್ದಳು. ಕರಡಿಯ ಕಥೆ ಹೇಳಿ ನನ್ನ ಬಾಯಿ ನೋಡುತ್ತಾಳಲ್ಲ, ಹಾಗೇ ನೋಡುತ್ತಿದ್ದಳು. ನಗುತ್ತಿರಲಿಲ್ಲ.

"ಊಹೂಂ," ಅಂದೆ.

ಅದು ಮೈದಾನದ ಆ ತುದಿಯ ಸ್ಪೀಕರಿಗೆ ಹೋಗಿ ವಾಪಸು ಬಂತು. ಹಿಂದೆ ಯಾರೋ ನಕ್ಕರು.

"ಏನಮ್ಮ?" ಸಾಹುಕಾರರ ತುಟಿಯಲ್ಲಿ ಇನ್ನೂ ನಗುವಿತ್ತು.

"ಊಹೂಂ. ನಾನು ಅಳ್ಲಿಲ್ಲ. ನಾನಾಗಿ ಬರ್ಲಿಲ್ಲ, ನೀವು ಕರೆಸಿದ್ರಿ. ಎಲ್ಲಾ ನೀವೇ ಹೇಳಿದ್ರಿ. ಅವಳು ನನ್ನ ಗಂಡನ..."

ಸ್ಪೀಕರು ಸತ್ತುಹೋಯಿತು. ಉಸ್ತುವಾರಿಯ ಕೈ ತಂತಿಯ ಮೇಲಿತ್ತು. ನಾನು ಬರೀ ಗಂಟಲಲ್ಲಿ ಕಿರುಚಿದೆ. "ಅವಳು ನನ್ನ ಗಂಡನ ಜೀವ ಉಳಿಸಿದೋಳು! ರೀ, ಕೈ ತೋರಿಸ್ರೀ! ಅವರಿಗೆ ಕೈ ತೋರಿಸಿ!"

ನನ್ನ ಗಂಡ ವೇದಿಕೆಯ ಹಲಗೆ ನೋಡುತ್ತ ನಿಂತಿದ್ದ. ಕೋಟಿನ ತೋಳು ಅಲುಗಿತು. ಕೈ ಹೊರಗೆ ಬರಲಿಲ್ಲ. ಅವನನ್ನು ಬೈಯಲು ನನಗೆ ಬಾಯಿಲ್ಲ. ನಾನೂ ಒಂದು ಚಾದರದ ಅಂಚು ನೋಡುತ್ತ ಹಾಗೇ ನಿಂತವಳು.

ಸಾಹುಕಾರರು ಇನ್ನೊಂದು ಮೈಕು ತೆಗೆದುಕೊಂಡರು. "ಪಾಪ, ಇಷ್ಟು ಜನರನ್ನ ನೋಡಿ ಗಾಬರಿ ಆಗಿದ್ದಾರೆ. ನಮ್ಮ ತಾಯಂದಿರೇ ಹಾಗೆ. ಅವರಿಗೆ ವೇದಿಕೆ ಗೊತ್ತಿಲ್ಲ, ಮನೆ ಗೊತ್ತು!"

ಜೋರಾಗಿ ಚಪ್ಪಾಳೆ ಬಿತ್ತು. ನನ್ನ ಊಹೂಂ ಕೂಡ ಅವರಿಗೇ ಓಟಾಯಿತು.

ವೇದಿಕೆಯ ಹಿಂಬದಿಯ ಮೆಟ್ಟಿಲಲ್ಲಿ, ಜನರಿಗೆ ಕಾಣದ ಕಡೆ, ಮೇಸ್ತ್ರಿ ನನ್ನ ರಟ್ಟೆ ಹಿಡಿದ. "ಏಯ್, ಇಳಿ ಕೆಳಗೆ." ಏಕವಚನ ವಾಪಸು ಬಂದಿತ್ತು. "ನೀನೂ ಬೇಡ, ನಿನ್ನ ಗಂಡನೂ ಬೇಡ. ಆ ಕೋಟು ಬಿಚ್ಚಿಟ್ಟು ಹೋಗಿ." ನನ್ನ ಗಂಡ ಎಡಗೈಯಿಂದ ಕೋಟು ಬಿಚ್ಚಲು ಒದ್ದಾಡಿದ. ಗುಂಡಿ ನಾನೇ ಬಿಚ್ಚಿದೆ. ಮಕ್ಕಳು ಬಾವುಟ ಹಿಡಿದುಕೊಂಡೇ ಬಂದರು. ಮನೆಗೆ ನಡೆದೇ ಹೋದೆವು. ದಾರಿಯುದ್ದಕ್ಕೂ ಗೋಡೆಗಳ ಮೇಲೆ ನಾವೇ ಇದ್ದೆವು.

ಮರುದಿನ ಬೆಳಿಗ್ಗೆ ಸೀಟಿಯ ಮನೆಗೆ ಹೋದೆ. ಬಾಗಿಲು ತೆರೆದಿತ್ತು. ಪಾತ್ರೆಗಳು ಗೋಣಿಚೀಲದಲ್ಲಿ. ಹಾಸಿಗೆ ಸುತ್ತಿತ್ತು. ಅವಳು ನೆಲದ ಮೇಲೆ ಕೂತು ಗ್ಯಾಸ್ ಒಲೆಯನ್ನು ಹಗ್ಗದಿಂದ ಕಟ್ಟುತ್ತಿದ್ದಳು.

ನನ್ನನ್ನು ನೋಡಿ ಹಗ್ಗವನ್ನು ಹಲ್ಲಿನಲ್ಲಿ ಕಚ್ಚಿ ಗಂಟು ಬಿಗಿದಳು. "ಬಂದ್ಯಾ? ಪೋಸ್ಟರಲ್ಲಿ ಇನ್ನೂ ಸ್ವಲ್ಪ ಚೆನ್ನಾಗಿದ್ಯ."

"ನಿನ್ನೆ ಸಭೇಲಿ ನಾನು..."

"ಗೊತ್ತಾಯ್ತು. ಊಹೂಂ ಅಂದ್ಯಂತೆ. ಕೆಲಸನೂ ಹೋಯ್ತಂತೆ, ಇಬ್ಬರದ್ದೂ."

"ಹೋಗ್ಲಿ ಬಿಡು."

"ಹೋಗ್ಲಿ ಬಿಡು ಅಂತೆ!" ಅವಳು ಹಗ್ಗ ಬಿಟ್ಟಳು. "ನೀನು ಕೆಲಸ ಕಳ್ಕೊಂಡೆ, ನಿಂಗೆ ಮನಸ್ಸು ಹಗುರ ಆಯ್ತು. ನಂಗೇನಾಯ್ತೇ? ನಾಡಿದ್ದು ನಾನೂ ನನ್ನ ಮಗಳೂ ಎಲ್ಲಿ ಮಲಗ್ಬೇಕು? ಅವನು ಲಾರಿ ತಗೊಂಡು ಎಲ್ಲಿದ್ದಾನೋ. ಮನೆ ಕೇಳೋಕೆ ಹೋದ್ರೆ ಬಾಗಿಲಲ್ಲೇ ನಿನ್ನ ಮೂತಿ ತೋರಿಸ್ತಾರೆ."

"ತಪ್ಪಾಯ್ತು ಕಣೇ. ಕಾಲು ಹಿಡ್ಕೊಳ್ತೀನಿ."

"ನನ್ನ ಕಾಲು ಯಾಕೆ? ಅದರಲ್ಲೇನಿದೆ? ಬರೀ ಒಡಕು." ಅವಳು ಎದ್ದು ನಿಂತಳು. "ನಾನೆಂಥವಳು ಅಂತ ನಂಗೆ ಗೊತ್ತು. ನೀನೆಂಥವಳು ಅಂತನೂ ಗೊತ್ತಾಯ್ತು. ನಂಗೆ ಹೇಳಿ ಏನುಪಯೋಗ? ನಿನ್ನ ಮಾತನ್ನ ಅವರು ಯಾವ್ಯಾವ ಬಾಗಿಲಿಗೆ ಮುಟ್ಟಿಸಿದ್ದಾರೋ ಆ ಬಾಗಿಲಿಗೆಲ್ಲ ಹೋಗು. ಹೋಗಿ ವಾಪಸ್ ತಗೋ."

"ಎಲ್ಲಾ ಬಾಗಿಲಿಗಾ?"

"ಯಾಕೆ, ಓಟು ಕೇಳೋರು ಹೋಗಲ್ವಾ? ಅವರಿಗೂ ಎರಡೇ ಕಾಲು."

ನಾನು ಬಾಗಿಲಲ್ಲಿ ನಿಂತೇ ಇದ್ದೆ. ಅವಳು ಚಪ್ಪಲಿ ಮೆಟ್ಟಿಕೊಂಡಳು. "ನಡಿ. ಓನರಮ್ಮನಿಂದಲೇ ಶುರು ಮಾಡು. ನಾನೂ ಬರ್ತೀನಿ. ನೀನು ಒಬ್ಬಳೇ ಹೋದ್ರೆ ಏನು ಹೇಳಿ ಬರ್ತೀಯೋ, ಯಾರಿಗೆ ಗೊತ್ತು."

ಓನರಮ್ಮನ ಬಾಗಿಲಿಗೆ ಸ್ಟಿಕ್ಕರ್ ಇತ್ತು. ಬಾಗಿಲು ತೆರೆದು ಮೊದಲು ನನ್ನ ಮುಖ ನೋಡಿ ನಕ್ಕರು, ಪೋಸ್ಟರಿನ ಗುರುತು. ಹಿಂದೆ ಸೀಟಿ ಕಂಡಳು. ನಗು ಹೋಯಿತು.

"ಅಮ್ಮ, ಇವಳನ್ನ ಮನೆ ಬಿಡಿಸ್ಬೇಡಿ," ಅಂದೆ. "ಇವಳ ಬಗ್ಗೆ ನಾನೇನೂ ದೂರು ಹೇಳಿಲ್ಲ. ಸಾಹುಕಾರ್ರು ಏನೋ ಹೇಳ್ತಿದ್ರು, ಲಾಂಡ್ರಿ ಸದ್ದಲ್ಲಿ ನಮಗೆ ಕಿವಿ ಮಂದ, ಅಭ್ಯಾಸ ನೋಡಿ, ಸುಮ್ನೆ ಹೂಂ ಅಂದ್ಬಿಟ್ಟೆ..."

ಮಾತು ಸಲೀಸಾಗಿ ಬರುತ್ತಿತ್ತು. ಎಷ್ಟೋ ದಿನ ಮನಸ್ಸಿನಲ್ಲೇ ಕಲಿತಿಟ್ಟುಕೊಂಡದ್ದು. ಹಿಂದೆ ನಿಂತ ಸೀಟಿಯ ಉಸಿರು ನನ್ನ ಕತ್ತಿಗೆ ತಾಗುತ್ತಿತ್ತು. ಅವಳ ಕಿವಿಯೂ ನನ್ನಷ್ಟೇ ಮಂದ. ಸಾಹುಕಾರರ ಕೋಣೆ ಎಷ್ಟು ನಿಶ್ಶಬ್ದವೆಂದು ಅವಳಿಗೂ ಗೊತ್ತು.

ನಾನು ನಿಲ್ಲಿಸಿದೆ.

"ಅಲ್ಲ ಅಮ್ಮ. ಸುಳ್ಳು ಹೇಳ್ದೆ. ನಂಗೆ ಚೆನ್ನಾಗಿ ಕೇಳಿಸ್ತಿತ್ತು. ಅವರು ಹೇಳ್ತಿರೋದು ಸುಳ್ಳು ಅಂತ ಗೊತ್ತಿತ್ತು. ಗೊತ್ತಿದ್ದೇ ಹೂಂ ಅಂದೆ. ನನ್ನ ಕೆಲಸ ಉಳೀಲಿ ಅಂತ. ಇವಳ ಜೊತೆ ನಾನು ಎಂಟು ವರ್ಷ ದುಡಿದಿದ್ದೀನಿ. ಇವಳಿಂದ ನಂಗೆ ಮುಜುಗರ ಆಗಿಲ್ಲ. ಇವಳಿಗೆ ನನ್ನಿಂದ ಆಗಿದೆ."

ಓನರಮ್ಮ ನನ್ನನ್ನೂ ಅವಳನ್ನೂ ನೋಡಿದರು.

"ಅಲ್ಲಮ್ಮ, ಅವತ್ತು ಅವರ ಮುಂದೆ ಅವರಿಗೆ ಬೇಕಾದ್ದು ಹೇಳ್ದೆ. ಇವತ್ತು ಇವಳನ್ನ ಹಿಂದಿಟ್ಕೊಂಡು ಇವಳಿಗೆ ಬೇಕಾದ್ದು ಹೇಳ್ತಿದೀಯ. ನಿನ್ನ ಯಾವ ಮಾತು ನಂಬ್ಬೇಕು ನಾನು?"

ಓನರಮ್ಮ ಬಾಗಿಲ ಮೇಲೆ ಕೈಯಿಟ್ಟರು.

"ಯಜಮಾನ್ರು ಬರ್ಲಿ, ಕೇಳ್ತೀನಿ," ಅಂದರು. ಬಿಡಿಸುತ್ತೇನೆ ಅನ್ನಲಿಲ್ಲ, ಇರಿ ಅಂತಲೂ ಅನ್ನಲಿಲ್ಲ. ಬಾಗಿಲು ಹಾಕಿಕೊಂಡರು.

ನಾನು ಮುಚ್ಚಿದ ಬಾಗಿಲ ಮುಂದೆ ನಿಂತಿದ್ದೆ. ಸೀಟಿ ಆಗಲೇ ಪಕ್ಕದ ಮನೆಯ ಗೇಟು ತೆಗೆದು ಒಳಗೆ ಹೋಗಿದ್ದಳು. ಬೆರಳ ಗೆಣ್ಣಿನಿಂದ ಬಾಗಿಲು ಬಡಿಯುತ್ತಿದ್ದಳು. ನಾನು ಬಿರಬಿರನೆ ಹಿಂದೆ ಹೋದೆ.

ಒಳಗಿಂದ ಒಬ್ಬ ಗಂಡಸಿನ ಬೇಸತ್ತ ದನಿ ಬಂತು. "ಯಾರು? ಯಾವ ಪಕ್ಷ?"

ಸೀಟಿ ಬಾಗಿಲ ಮುಂದಿನ ಜಾಗವನ್ನು ನನಗೆ ಬಿಟ್ಟು ಪಕ್ಕಕ್ಕೆ ಸರಿದು ನಿಂತಳು.